ಕಂಬಳಿ ಹೊತ್ತವನ ಮೌನ

೨೫ ಜುಲೈ ೧೯೭೯, ಬುಧವಾರ

ಸ್ವಸ್ತಿ ಶ್ರೀ! ಮೂರು ಲೋಕ, ಹದಿನಾಲ್ಕು ಭುವನ, ಬೆಳಗಾವಿ ಜಿಲ್ಲೆಯ ಸಮಸ್ತ ತಾಲೂಕುಗಳು, ಶಿವಬಸವ ನಗರದ ಬೀದಿನಾಯಿಗಳು, ನಮ್ಮ ಬೋರ್ಡಿಂಗಿನ ಉತ್ತರದ ಕೋಣೆಯಲ್ಲಿ ತಲೆತಲಾಂತರದಿಂದ ನೆಲೆಸಿರುವ ತಿಗಣೆ ಮಹಾಜನಗಳು, ಇವರೆಲ್ಲರ ಸನ್ನಿಧಿಗೆ ಶ್ರೀಮನ್ಮಹಾಮೌನಪೀಠಾಧೀಶ್ವರ, ವಾಚಾಳಕುಲತಿಲಕ, ಹತ್ತನೇ ಇಯತ್ತೆ ‘ಬ’ ತುಕಡಿಯ ಬಾಳಾಸಾಹೇಬನು ಮಾಡುವ ಬಿನ್ನಹವೇನೆಂದರೆ: ಇಂದು ಪ್ರಾತಃಕಾಲದಿಂದ ಶ್ರಾವಣ ಮುಗಿಯುವವರೆಗೆ ನಾವು ಬಾಯಿ ಬಿಡತಕ್ಕದ್ದಲ್ಲ. ಊಟಕ್ಕೆ ಮಾತ್ರ ಬಿಡುತ್ತೇವೆ.

ಬಾಯಿ ಮುಚ್ಚಿದ ಮೇಲೆ ಒಳಗಿನ ಮಾತು ಎಲ್ಲಿಗಾದರೂ ಹೋಗಬೇಕಲ್ಲ. ಭೂಗೋಳದ ವಹಿಯ ಹಿಂದಿನ ಹಾಳೆಗಳಿಗೆ ಹೋಗಲಿ. ತಿಗಣೆಗಳಿಗೆ ಅಕ್ಷರ ಬಾರದು, ಆದ್ದರಿಂದ ಭಯವಿಲ್ಲ.

ನಮ್ಮ ಬೋರ್ಡಿಂಗಿನಲ್ಲಿ ಒಂದು ಪದ್ಧತಿ ಇದೆ. ಶ್ರಾವಣದ ಮೊದಲ ದಿನ ಪ್ರತಿಯೊಬ್ಬ ಹುಡುಗನೂ ಮಠದ ಸ್ವಾಮಿಗಳಾದ ಅಜ್ಜಾರ ಮುಂದೆ ನಿಂತು ತಿಂಗಳ ಮಟ್ಟಿಗೆ ಒಂದು ನೇಮ ಹಿಡಿಯಬೇಕು. ಹಣಮಪ್ಪ ಚಹಾ ಬಿಟ್ಟ. ಐದನೇ ಇಯತ್ತೆಯ ಮೈಲಾರಲಿಂಗ ಬೆಲ್ಲ ಬಿಟ್ಟ. ಬಿಡುವಾಗಲೇ ಅವನ ಕಣ್ಣಲ್ಲಿ ನೀರಿತ್ತು. ನಾನು ಹೋದ ವರ್ಷ ಹಾಗಲಕಾಯಿ ಬಿಟ್ಟಿದ್ದೆ. ಅದನ್ನು ಹುಟ್ಟಿದಾಗಿನಿಂದ ಬಾಯಿಗಿಟ್ಟವನಲ್ಲ. ಈ ಸಲ ನನ್ನ ಸರದಿ ಬಂದಾಗ ಕಣ್ಣು ಅರ್ಧ ಮುಚ್ಚಿ, “ಮೌನ ಹಿಡೀತೇನ್ರಿ ಅಜ್ಜಾರ” ಅಂದೆ.

ಹಿಂದಿನಿಂದ ಯಾರೋ “ಇಂವಾ?” ಅಂದರು.

ಅಜ್ಜಾರು, “ಮೌನ ಅಂದ್ರ ಬಾಯಿಗೆ ಬೀಗಾ ಹಾಕೂದಲ್ಲೋ ತಮ್ಮಾ, ಕಿವಿ ತಗಿಯೂದು. ಆಗ್ತೈತೇನು?” ಎಂದರು. ತಲೆ ಆಡಿಸಿದೆ. ಅಜ್ಜಾರಿಗೆ ಇಂಥ ಮಾತುಗಳು ಪುಕ್ಕಟೆ ಬರುತ್ತವೆ.

ಆಮೇಲೆ ನಮ್ಮ ಮೇಲ್ವಿಚಾರಕರಾದ ಗುರುಪಾದಪ್ಪ ಮಾಸ್ತರರು ಎದ್ದು ನಿಂತು ಸಾರಿದರು. “ಇವತ್ತಿನಿಂದ ಇವನ್ನ ಯಾರೂ ಮಾತಿಗೆ ಎಳೀಬ್ಯಾಡ್ರಿ. ಮೌನಿ ನೇಮಾ ಮುರಿಸಿದಾಂವಗ ಪಾಪ ಸುತ್ತತೈತಿ. ನಾನೂ ಇವಗ ಏನೂ ಕೇಳಾವಲ್ಲ.”

ಈ ಕಡೆಯ ಒಂದು ಮಾತಿಗಾಗಿಯೇ ಇಷ್ಟೆಲ್ಲ ಸಮಾರಂಭ. ಯಾಕೆಂದರೆ ಇಂದು ಮಧ್ಯಾಹ್ನ ಮಾಸ್ತರರು ಒಬ್ಬೊಬ್ಬರನ್ನೇ ಕರೆದು, ವಿಭೂತಿ ಗಟ್ಟಿ ಮುಟ್ಟಿಸಿ, ಸೋಮವಾರದ ವಿಷಯ ಕೇಳುವವರಿದ್ದರು. ವಿಭೂತಿ ಮುಟ್ಟಿ ಸುಳ್ಳು ಹೇಳಲು ನನಗೆ ಧೈರ್ಯವಿಲ್ಲ. ಖರೇ ಹೇಳಲು ಅದಕ್ಕಿಂತ ಕಡಿಮೆ.

ಸೋಮವಾರ ನಾಗರ ಅಮಾವಾಸ್ಯೆ. ನಮ್ಮ ಅಡುಗೆಯ ಬಸಯ್ಯನಿಗೆ ದೆವ್ವದ ಭಯ ಬಹಳ. ಹೊತ್ತು ಮುಳುಗುವಾಗ ಅವನು ಕಟ್ಟಿಗೆ ತರಲು ಹಿತ್ತಲಿಗೆ ಬಂದ. ನಾನು ಹಗ್ಗದ ಮೇಲೆ ಒಣಗಲು ಹಾಕಿದ್ದ ಗುರುಸಿದ್ದನ ಕರಿ ಕಂಬಳಿ ಹೊದ್ದು ಕಟ್ಟಿಗೆಯ ಒಟ್ಟಿಲ ಮೇಲೆ ಕೂತಿದ್ದೆ. ಎದ್ದೆ. ಅಷ್ಟೇ ಮಾಡಿದ್ದು. ಅವನು ಓಡಿದ; ಪಾಚಿಗಟ್ಟಿದ ಪಾವಟಿಗೆಯ ಮೇಲೆ ಕಾಲು ಜಾರಿತು. ಒಣ ತೊಗರಿಕಟ್ಟಿಗೆ ಮುರಿದಂಥ ಸಪ್ಪಳ ಬಂತು. ಅದು ಅವನ ಕಾಲು.

ಕಂಬಳಿ ಅಲ್ಲೇ ಒಗೆದು ಗೋಡೆ ಹಾರಿದೆ. ಸುತ್ತಿ ಬಂದು ಉಳಿದವರ ಜೊತೆ ನಾನೂ ಓಡಿಬಂದಂತೆ ಮಾಡಿದೆ. ಅವನ ತಲೆ ತೊಡೆಯ ಮೇಲಿಟ್ಟುಕೊಂಡು ನೀರು ಕುಡಿಸಿದವನು ನಾನೇ. “ನೂರು ವರ್ಷ ಬಾಳೋ ಮಗನಾ” ಅಂದ.

ಈ ತಿಂಗಳು ಆಕಾಶದಿಂದ ಆ ಸ್ಕೈಲ್ಯಾಬ್ ನಮ್ಮ ತಲೆಯ ಮೇಲೇ ಬೀಳುತ್ತದೆಂದು ಊರೆಲ್ಲ ಹೆದರಿತ್ತು. ಅದು ಎಲ್ಲೋ ಸಮುದ್ರದ ಆಚೆ ಬಿತ್ತು. ಬಸಯ್ಯನ ಪಾಲಿಗೆ ಮಾತ್ರ ನಾನು ಬಿದ್ದೆ.

೨೬ ಜುಲೈ, ಗುರುವಾರ

ಗುರುಸಿದ್ದನನ್ನು ಮನೆಗೆ ಕಳಿಸಿದರು.

ಅವನು ಖಾನಾಪುರದವನು, ಕುರುಬರ ಹುಡುಗ, ನನ್ನ ಬಾಜು ಹಾಸಿಗೆಯವನು. ಗಣಿತದಲ್ಲಿ ತರಗತಿಗೇ ಮೊದಲನೆಯವನು. ನಕ್ಕರೆ ಹಲ್ಲು ಕಾಣದಂತೆ ನಗುತ್ತಾನೆ. ಕೆಂಪು ಅಂಚಿನ ಕಂಬಳಿ ಬೋರ್ಡಿಂಗಿನಲ್ಲಿ ಅವನೊಬ್ಬನದೇ. ಅದು ಪಾವಟಿಗೆಯ ಬಳಿ ಸಿಕ್ಕಿತು. ಮುಗಿಯಿತು ನ್ಯಾಯ.

“ತಪ್ಪು ಒಪ್ಪಿಕೊ, ಇಲ್ಲಾ ಗಂಟು ಕಟ್ಟು” ಅಂದರಂತೆ ಮಾಸ್ತರರು. ಅವನು ಗಂಟು ಕಟ್ಟಿದ.

ಹೊರಡುವಾಗ ಧಾರಾಕಾರ ಮಳೆ. ಟ್ರಂಕು ತಲೆಯ ಮೇಲೆ. ಕಂಬಳಿ ಇಲ್ಲ, ಅದು ಪುರಾವೆಯಾಗಿ ಆಫೀಸಿನ ಗೂಟಕ್ಕೆ ತೂಗುತ್ತಿದೆ. ಬಾಗಿಲ ಬಳಿ ನಿಂತು ನನ್ನನ್ನು ನೋಡಿದ. ನಾವು ಧ್ಯಾನಸ್ಥರಾಗಿದ್ದೆವು.

೨೯ ಜುಲೈ, ರವಿವಾರ

ನಾಗರ ಪಂಚಮಿ. ಅವ್ವ ಉಂಡಿ ಕಟ್ಟಿಕೊಂಡು ಬಂದಿದ್ದಳು, ಜೊತೆಗೆ ತಂಗಿ ಕಾಂತಾ.

ನಮ್ಮ ಮನೆ ಹಿಂದವಾಡಿಯಲ್ಲಿ. ಇಲ್ಲಿಂದ ಸೈಕಲ್ ತುಳಿದರೆ ಅರ್ಧ ತಾಸಿಲ್ಲ. ಊರೊಳಗೇ ಮನೆಯಿದ್ದೂ ಬೋರ್ಡಿಂಗಿಗೆ ಹಾಕಿಸಿಕೊಂಡ ಏಕೈಕ ವಿದ್ಯಾರ್ಥಿ ನಾನು. ಕಾರಣ, ಸುಧಾರಿಸಬೇಕು. ಮನೆಯಲ್ಲಿದ್ದಾಗ ನಾನು ಓಣಿಯ ಮೂರು ಮನೆಗಳಿಗೆ ಒಂದೇ ದಿನ ಒಂದೇ ವರನ ಕಡೆಯವರು ಬರುತ್ತಾರೆಂದು ಸುದ್ದಿ ಕೊಟ್ಟು, ಮೂರೂ ಮನೆಗಳಲ್ಲಿ ಶಿರಾ ಮಾಡಿಸಿದ್ದೆ.

ಅವ್ವನ ಹೆಸರು ಕಾಶವ್ವ. ಬಾಯಿ ಮುಚ್ಚೋ ಎಂದು ಹದಿನೈದು ವರ್ಷ ನನಗೂ ದೇವರಿಗೂ ಹೇಳಿ ಸಾಕಾದವಳು. ನಾನು ಸ್ಲೇಟಿನ ಮೇಲೆ ‘ಆರಾಮ ಇದ್ದೇನೆ’ ಎಂದು ಬರೆದು ತೋರಿಸಿದಾಗ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ನೋಡ ಕಾಂತಾ, ನೋಡ. ನಿಮ್ಮಣ್ಣಗ ಬುದ್ಧಿ ಬಂತು.”

ಕಾಂತಾ ಹತ್ತಿರ ಬಂದು ನನ್ನ ಮುಖ ಪರೀಕ್ಷಿಸಿದಳು. “ಯವ್ವಾ, ಇಂವಾ ಏನೋ ಗೋಲಮಾಲ ಮಾಡ್ಯಾನ.”

“ಹುಚ್ಚಿ! ಶ್ರಾವಣದಾಗ ಮೌನಿಗೆ ಹಂಗ ಅಂತಾರನು? ಕಾಲ ಬೀಳ.”

ಕಾಂತಾ ಬಿದ್ದಳು. ಬಿದ್ದು ಏಳುವಾಗ ಕಾಲ್ಬೆರಳು ಚಿವುಟಿದಳು. ಇಷ್ಟು ದಿನದಲ್ಲಿ ನನಗೆ ಯೋಗ್ಯವಾದ ಸತ್ಕಾರ ಮಾಡಿದವಳು ಅವಳೊಬ್ಬಳೇ.

ಉಂಡಿಯ ಡಬ್ಬಿ ಹಾಗೇ ಎತ್ತಿಕೊಂಡು ಮೈಲಾರಲಿಂಗನಿಗೆ ಕೊಡಲು ಹೋದೆ. ಬೆಲ್ಲದ್ದು, ಅವನು ಮುಟ್ಟುವಂತಿಲ್ಲ. ಇಬ್ಬರೂ ಡಬ್ಬಿ ನೋಡುತ್ತ ಕೂತೆವು.

೧ ಆಗಸ್ಟ್, ಬುಧವಾರ

ಪ್ರಜೆಗಳು ದರ್ಶನಕ್ಕೆ ಬರತೊಡಗಿದ್ದಾರೆ. ಮಾತಾಡದವನ ಮುಂದೆ ಎಲ್ಲರಿಗೂ ಮಾತು ಬರುತ್ತದೆ, ಇದೊಂದು ಚೋದ್ಯ. ಹಣಮಪ್ಪ ಬಂದು, ಕದ್ದು ಚಹಾ ಕುಡಿದೆನೆಂದು ಹೇಳಿ ಹಗುರಾಗಿ ಹೋದ. ಒಂಬತ್ತನೇ ಇಯತ್ತೆಯವನೊಬ್ಬ ತನ್ನಪ್ಪ ಎರಡನೇ ಮದುವೆ ಆಗುತ್ತಿದ್ದಾನೆ ಅಂದ. ಬಾಯಿ ಬಿಚ್ಚುವಂತಿದ್ದರೆ ಜೋಕು ಮಾಡುತ್ತಿದ್ದೆ, ಖಂಡಿತ. ಅವನು ಬಹಳ ಹೊತ್ತು ಕೂತು, ಎದ್ದು, “ಬರ್ತೇನ್ರಿ” ಅಂದ. ನನಗೆ! ರೀ!

ಮೈಲಾರಲಿಂಗ ಸಂಜೆಗೊಮ್ಮೆ ಬರುತ್ತಾನೆ. ಅವನ ಊರಿನ ಎಮ್ಮೆ, ಅದರ ಕರು, ಕರುವಿನ ಹಣೆಯ ಚುಕ್ಕಿ, ಎಲ್ಲ ವರದಿ ಒಪ್ಪಿಸುತ್ತಾನೆ. ಇಂದು ಬರುವುದು ತಡವಾಯಿತು. ಎಲ್ಲಿ ಹೋದ ಎಂದು ಎದ್ದು ಹೋಗಿ ನೋಡಿದೆ. ಬಾವಿಕಟ್ಟೆಯಲ್ಲಿ ತುಂಬಿದ ಕೊಡ ಎತ್ತಲಾರದೆ ನಿಂತಿದ್ದ. ಎತ್ತಿ ತಂದೆ. ಇದರಲ್ಲಿ ಬರೆಯುವಂಥದು ಏನೂ ಇಲ್ಲ.

ಶಾಲೆಯಲ್ಲಿ ನನ್ನನ್ನು ಯಾರೂ ಪ್ರಶ್ನೆ ಕೇಳುವುದಿಲ್ಲ. ಬಾಯಿಪಾಠ ಮಾಫಿ. ಇಂಥ ಸುಖವನ್ನು ನಾನು ಎರಡು ವಾರದ ಹಿಂದೆ ಕೇಳಿದ್ದರೆ ಕುಣಿಯುತ್ತಿದ್ದೆ.

ಬಾಜು ಹಾಸಿಗೆ ಸುತ್ತಿಟ್ಟಿದ್ದಾರೆ. ಅದರ ಕೆಳಗೆ ಗುರುಸಿದ್ದನ ಬೀಜಗಣಿತದ ಪುಸ್ತಕ ಉಳಿದಿದೆ.

೩ ಆಗಸ್ಟ್, ಶುಕ್ರವಾರ

ಬಸಯ್ಯನಿಗೆ ಬುತ್ತಿ ಒಯ್ಯುವ ಕೆಲಸ ನನಗೆ ಬಿದ್ದಿದೆ. ಬಿದ್ದಿದೆ ಅಂದರೆ, ನಾನೇ ಡಬ್ಬಿ ಹಿಡಿದು ನಿಂತಿದ್ದೆ.

ಆಸ್ಪತ್ರೆಯ ಹಾಸಿಗೆಯಲ್ಲಿ ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡು ಮಲಗಿದ್ದಾನೆ. ಅಡುಗೆಮನೆಯ ಹೊಗೆಯಿಲ್ಲದೆ ಅವನ ಮುಖ ನೋಡಿದ್ದು ಇದೇ ಮೊದಲು. ಸಣ್ಣ ಮನುಷ್ಯ.

“ಮಂದಿ ಗುರುಸಿದ್ದ ಅಂತಾರ. ನಾ ನಂಬೂದಿಲ್ಲ ನೋಡ ಬಾಳಾಸಾಹೇಬ. ಅದು ದೆವ್ವನಽ. ಅದು ಮಾತಾಡ್ತು.”

ಏನೆಂದಿತು ಎಂದು ಬಾಜು ಹಾಸಿಗೆಯ ರೋಗಿ ಕೇಳಿದ.

ಬಸಯ್ಯ ಕೆಮ್ಮಿದ. “ಅದೇನಿಲ್ಲ ಬಿಡ್ರಿ. ದೆವ್ವದ ಮಾತು, ಹೊರಗ ಹೇಳಬಾರದು.”

ದೆವ್ವ ಏನೆಂದಿತೆಂದು ಜಗತ್ತಿನಲ್ಲಿ ಇಬ್ಬರಿಗೇ ಗೊತ್ತು. ಅವನು ಹೇಳುವುದಿಲ್ಲ. ನಾನು ಬರೆಯುವುದಿಲ್ಲ.

“ಇವನ ಕೈಯಾನ ನೀರ ಕುಡದೆ, ಜೀವ ಉಳೀತು” ಅಂತ ಬಾಜಿನವನಿಗೆ ನನ್ನನ್ನು ತೋರಿಸಿದ. ಡಬ್ಬಿ ತೊಳೆಯುವ ನೆವದಲ್ಲಿ ಹೊರಗೆ ಬಂದೆ.

೫ ಆಗಸ್ಟ್, ರವಿವಾರ

ಹಿಂದವಾಡಿಗೆ ಹೋಗಿ ಬರುತ್ತೇನೆಂದು ಸ್ಲೇಟಿನ ಮೇಲೆ ಬರೆದು ರಜೆ ಪಡೆದೆ. ಮೌನಿಯ ಬರಹವನ್ನು ಯಾರು ಸಂಶಯಿಸುತ್ತಾರೆ? ನೆಟ್ಟಗೆ ರೈಲು ನಿಲ್ದಾಣಕ್ಕೆ ಹೋದೆ. ಸ್ಲೇಟಿನಲ್ಲಿ ‘ಖಾನಾಪುರ’ ಎಂದು ಬರೆದು ಕಿಂಡಿಯಲ್ಲಿ ತೋರಿಸಿದೆ. ಟಿಕೀಟಿನವನು ನನ್ನ ಹಣೆಯ ವಿಭೂತಿ ನೋಡಿ ಎರಡೂ ಕೈಯಿಂದ ಟಿಕೀಟು ಕೊಟ್ಟ.

ಯಾಕೆ ಹೊರಟೆನೋ ಗೊತ್ತಿಲ್ಲ. ಬೀಜಗಣಿತದ ಪುಸ್ತಕ ಕೊಟ್ಟು ಬರುವುದು ಎಂದು ಮನಸ್ಸಿಗೆ ಹೇಳಿದ್ದೆ. ಅದು ನಂಬಿತು.

ಖಾನಾಪುರದ ಮಳೆ ಬೆಳಗಾವಿಯ ಮಳೆಯಂತಲ್ಲ, ನಡುವೆ ಉಸಿರು ಬಿಡುವುದಿಲ್ಲ. ಮಲಪ್ರಭೆ ಕೆಂಪಾಗಿ ಸೇತುವೆಯ ಕಾಲು ತಿಕ್ಕುತ್ತಿದ್ದಳು. ಆಚೆ ದಂಡೆಯಲ್ಲಿ ಕುರಿದೊಡ್ಡಿ, ಅದರ ಬಾಜು ಗುರುಸಿದ್ದನ ಮನೆ. ಅವನ ತಾಯಿ ಸಿದ್ದಕ್ಕ ಹೊಸ್ತಿಲಲ್ಲಿ ಉಣ್ಣೆ ಹಿಂಜುತ್ತಿದ್ದಳು. ಸ್ಲೇಟು ತೋರಿಸಿದೆ. ಅವಳಿಗೆ ಓದಲು ಬಾರದು. ಬಾಯಿಯ ಮೇಲೆ ಬೆರಳಿಟ್ಟು ಕೈ ಮುಗಿದೆ. ಅವಳಿಗೆ ತಿಳಿಯಿತು.

“ಅಯ್ಯ ನಮ್ಮಪ್ಪಾ, ಮೌನಾ ಹಿಡದೀಯೇನು? ಬಾ, ಕುಂದರ ಬಾ.”

ಬೇಡವೆಂದರೂ ನನ್ನ ಕಾಲಿಗೆ ನೀರು ಹಾಕಿದಳು. ದೇವರ ಜಗಲಿಯ ಭಂಡಾರದ ಅರಿಷಿಣ ತಂದು ನನ್ನ ವಿಭೂತಿಯ ಮೇಲೇ ಹಚ್ಚಿದಳು. ಬಟ್ಟಲು ತುಂಬ ಹಾಲು ಕೊಟ್ಟು ಎದುರು ಕೂತಳು.

“ನಿಮ್ಮ ಕೋಣ್ಯಾಗ ಇದ್ದಾಂವನಽ ಅಲ್ಲ ನನ್ನ ಮಗಾ? ನೀ ನೋಡೀಯಲ್ಲ ಅವನ್ನ? ಅವರಪ್ಪ ಸತ್ತಾಗ ಇಷ್ಟೇ ಇದ್ದ. ಸಾಲಿ ಕಲೀಲಿ ಅಂತ ಕುರಿ ಬಿಡಿಸಿ ಕಳಿಸಿದೆ. ಈಗ ಊರ ಮಂದಿ, ಮಠದಾಗ ಅಡಗಿ ಅಯ್ಯಾನ ಕಾಲ ಮುರದು ಬಂದಾನ ಅಂತಾರ. ನಾಳಿ ಬಿಟ್ಟು ಮುಂದಿನ ಸೋಮಾರ ನನ್ನ ತಮ್ಮ ಸಿದರಾಯ ಕುರಿ ಹೊಡಕೊಂಡು ಮೂಡಣ ಸೀಮಿಗೆ ಹೊಂಟಾನ. ಈ ಮಳ್ಯಾಗ ಕುರಿಗೆ ಕಾಲ ಕೊಳೀತಾವ. ಇವನೂ ಹೋಗ್ತಾನಂತ. ಹೋದಾಂವ ತಿರುಗಿ ಸಾಲಿಗೆ ಬರೂದುಂಟೇನಪ್ಪಾ?”

ಹಾಲು ಕುಡಿದೆ. ಏನು ಮಾಡಲಿ, ಕೊಟ್ಟಿದ್ದಳು.

“ನೀ ಮೌನಿ. ನೀ ಬಾಯಿಲೆ ಹುಸಿ ಆಡಿಲ್ಲ. ನಿನ್ನ ಮನಸಿನ ಮಾತು ದೇವರಿಗೆ ಮುಟ್ಟತೈತಿ. ನನ್ನ ಮಗಾ ಅಂಥಾಂವ ಅಲ್ಲ ಅಂತ ಒಂದ ಮಾತ ಮನಸಿನಾಗಽ ಹೇಳಪ್ಪಾ.”

ಕಣ್ಣು ಮುಚ್ಚಿದೆ. ಹೇಳಿದೆ. ಅದೊಂದು ಮಾತು ಮಾತ್ರ ಖರೇ ಇತ್ತು.

ಗುರುಸಿದ್ದ ದೊಡ್ಡಿಯ ಹಿಂದೆ ಕುರಿಗಳ ಗೊರಸು ತೊಳೆಯುತ್ತಿದ್ದ. ಪುಸ್ತಕ ಚಾಚಿದೆ. ತೆಗೆದುಕೊಳ್ಳಲಿಲ್ಲ.

“ಮೌನ ಮುಗೀಲಿಲ್ಲೇನ್ರಿ ಸ್ವಾಮ್ಯಾರ?” ಅಂದ. “ಹಗ್ಗದ ಮ್ಯಾಲಿಂದ ಕಂಬಳಿ ತಗೊಂಡಾಂವ ನೀನಽ. ನಾ ಕಿಡಕ್ಯಾಗ ನಿಂತು ನೋಡೇನಿ.”

ಪುಸ್ತಕ ತೋಯದಂತೆ ಅಂಗಿಯೊಳಗೆ ಹಾಕಿಕೊಂಡೆ.

“ಮಾಸ್ತರಗ ಹೇಳಿದೆ. ಏನ ಮಾಡಿದ್ರು ಗೊತ್ತೈತೇನು? ಕಪಾಳಕ್ಕ ಹೊಡದ್ರು. ನೇಮಾ ಹಿಡದ ಹುಡುಗನ ಮ್ಯಾಲೆ ಹೊರಸ್ತೀ ಏನಲೇ ಅಂತ. ನೀ ಬಾಯಿ ಮುಚ್ಚಿದ್ದಕ್ಕ ನನ್ನ ಬಾಯೀನೂ ಮುಚ್ಚಿತು. ಮಾತಾಡಽ!”

ಇದು ನನಗೆ ಗೊತ್ತಿರಲಿಲ್ಲ. ದೇವರಾಣೆ ಗೊತ್ತಿರಲಿಲ್ಲ.

“ಮಾತಾಡೋ! ಇಲ್ಲಿ ಯಾರದಾರ ಕೇಳಾಕ? ಕುರಿ ಅದಾವ. ಕುರಿಗರೆ ಹೇಳ!”

ಎದೆಗೆ ಕೈ ಹಾಕಿ ದೂಡಿದ. ಕೆಸರಲ್ಲಿ ಬಿದ್ದೆ. ಮೇಲೆ ಕೂತು ಹೊಡೆದ. ಕೆಳಗಿದ್ದ ಸ್ಲೇಟು ಒಡೆಯಿತು. ನಾನು ಬಾಯಿ ತೆರೆದೆ, ಹೇಳಿಬಿಡೋಣವೆಂದು. ಸ್ವರ ಬರಲಿಲ್ಲ. ನೇಮದ ಸಲುವಾಗಿ ಅಲ್ಲ, ಹೆದರಿಕೆಗೆ. ಈ ವಹಿಯಲ್ಲಾದರೂ ಅದು ಸ್ಪಷ್ಟವಿರಲಿ.

ಅಷ್ಟರಲ್ಲಿ ಸಿದ್ದಕ್ಕ ಕುರಿಬಡಿಗೆ ಹಿಡಿದು ಓಡಿಬಂದಳು. ಮಗನನ್ನು ಹೊಡೆದಳು. ಬೆನ್ನಿಗೆ, ತೋಳಿಗೆ, ಅಳುತ್ತ ಹೊಡೆದಳು. “ಮೌನಿಗೆ ಕೈ ಮಾಡ್ತಿಯಾ? ಮನೀಗೆ ಬಂದಾಂವಗ? ಇದನ್ನಽ ಏನೋ ನೀ ಕಲ್ತದ್ದು? ಹಂಗಾರ ಅವರು ಹೇಳಿದ್ದು ಖರೇನಽ?”

ಅಷ್ಟು ಹೊತ್ತು ಕೂಗಾಡಿದ ಗುರುಸಿದ್ದ ಈ ಮಾತು ಕೇಳಿ ಸುಮ್ಮನಾದ. ಅವನೂ ಬಾಯಿ ಮುಚ್ಚಿದ. ಮಳೆಯಲ್ಲಿ ನಾವಿಬ್ಬರೂ ಮೌನಿಗಳು.

ನನ್ನ ಅಂಗಿಯ ಕೆಸರನ್ನು ಅವಳೇ ತೊಳೆದು, ಸೇತುವೆಯ ತನಕ ಬಂದು ಕಳಿಸಿದಳು. “ಸಿಟ್ಟಾಗಬ್ಯಾಡ ನನ್ನಪ್ಪಾ, ಶಾಪಾ ಕೊಡಬ್ಯಾಡ” ಅಂದಳು.

ಗಾಡಿ ತಡವಾಗಿ ಬಂತು.

೬ ಆಗಸ್ಟ್, ಸೋಮವಾರ

ಬರೆಯಲು ಏನೂ ಇಲ್ಲ.

ಇದೆ. ಬರೆಯಲಾರೆ.

೯ ಆಗಸ್ಟ್, ಗುರುವಾರ

ಬೆಳಗಿನ ಪೂಜೆಯಲ್ಲಿ ಅಂಗೈಯ ಮೇಲೆ ಇಷ್ಟಲಿಂಗ ಇಟ್ಟುಕೊಂಡು ನೋಡುತ್ತ ಕೂರುತ್ತೇವಲ್ಲ, ಇಷ್ಟು ವರ್ಷ ಆ ಹೊತ್ತಿನಲ್ಲಿ ನಾನು ಮಾಡುತ್ತಿದ್ದುದು ನಾಷ್ಟಾದ ಊಹೆ. ಅವಲಕ್ಕಿಯೋ ಉಪ್ಪಿಟ್ಟೋ. ಇಂದು ನೋಡುತ್ತ ಕೂತವನಿಗೆ ಎಲ್ಲರೂ ಎದ್ದು ಹೋದದ್ದು ತಿಳಿಯಲಿಲ್ಲ. ನಾಷ್ಟಾ ತಪ್ಪಿತು. ಸಿಟ್ಟೂ ಬರಲಿಲ್ಲ. ಮೈಗೆ ಆರಾಮ ಇರಲಿಕ್ಕಿಲ್ಲ.

ಮಧ್ಯಾಹ್ನ ಮೈಲಾರಲಿಂಗನ ಸ್ಲೇಟು ಸನ್ನೆಯಲ್ಲಿ ಕೇಳಿ ಪಡೆದು, ‘ಕಂಬಳಿ ಹೊತ್ತವನು ನಾನು. ಗುರುಸಿದ್ದನಲ್ಲ’ ಎಂದು ಬರೆದು ಮಾಸ್ತರರ ಮೇಜಿನ ಮೇಲಿಟ್ಟೆ.

ಗುರುಪಾದಪ್ಪ ಮಾಸ್ತರರು ಎರಡು ಸಲ ಓದಿದರು. ಕಣ್ಣಿನ ಚಾಳೀಸು ತೆಗೆದರು. ಅವರ ಕಣ್ಣಲ್ಲಿ ನೀರು!

“ಬಾಳಾಸಾಹೇಬ, ಗೆಳ್ಯಾನ ಸಲುವಾಗಿ ತಪ್ಪು ನಿನ್ನ ಮ್ಯಾಲೆ ಹಾಕ್ಕೊಳ್ಳಾಕತ್ತೀಯೇನೋ? ಎಂಥಾ ಹುಡುಗ ಎಂಥಾಂವ ಆದ್ಯೋ!”

ತಲೆ ಜೋರಾಗಿ ಅಲ್ಲಾಡಿಸಿದೆ. ಅದನ್ನೂ ವಿನಯವೆಂದು ತಿಳಿದರು. ತಮ್ಮ ಧೋತರದ ಚುಂಗಿನಿಂದ ಸ್ಲೇಟು ಒರೆಸಿ ಸ್ವಚ್ಛ ಮಾಡಿ ಕೈಗೆ ಕೊಟ್ಟರು. “ಇದನ್ನ ಯಾರಿಗೂ ಹೇಳೂದಿಲ್ಲ” ಅಂದರು. ಸಂಜೆಯ ಪ್ರಾರ್ಥನೆಯಲ್ಲಿ ಎಲ್ಲರಿಗೂ ಹೇಳಿದರು. ತ್ಯಾಗ ಎಂದರೆ ಏನು ಎಂಬುದರ ಮೇಲೆ ಮುಕ್ಕಾಲು ತಾಸು.

ಜೀವನಪೂರ್ತಿ ಸುಳ್ಳು ಹೇಳಿ ನಂಬಿಸಿದ್ದೇನೆ. ಮೊದಲ ಸಲ ಖರೇ ಹೇಳಿದರೆ ಈ ಗತಿ.

೧೨ ಆಗಸ್ಟ್, ರವಿವಾರ

ನಿನ್ನೆ ಬಸಯ್ಯ ಆಸ್ಪತ್ರೆಯಿಂದ ಬಂದ. ಇಂದು ಸಂಜೆಯ ಪ್ರಾರ್ಥನೆಗೆ ಅವನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು. ಅಜ್ಜಾರೂ ಇದ್ದರು. ನಾಳೆ ಸೋಮವಾರ, ಸಿದರಾಯನ ಕುರಿಗಳು ಹೊರಡುವ ದಿನ. ಇನ್ನು ಬರವಣಿಗೆಯಿಂದ ಆಗುವ ಕೆಲಸ ಇದಲ್ಲ ಎಂದು ತಿಳಿದುಹೋಗಿತ್ತು.

ಮಂಗಳಾರತಿ ಮುಗಿಯಿತು. ನಾನು ಎದ್ದು ನಡುವೆ ಬಂದು ನಿಂತೆ. ಹಣಮಪ್ಪನ ಹಚ್ಚಡ ಕಿತ್ತು ತಲೆಯ ಮೇಲೆ ಹೊದ್ದೆ.

ಮೌನಿಯ ಬಾಯಿಯಿಂದ ಬರುವ ಮೊದಲ ಶಬ್ದ ‘ಶಿವ’ ಎಂದಿರಬೇಕಂತೆ. ಕೇಳಿದವರಿಗೂ ಪುಣ್ಯವಂತೆ. ನಾನು ಗಂಟಲು ಸೀಳುವಂತೆ ಊಳಿಟ್ಟೆ:

“ಬಸಯ್ಯಾಽಽಽ… ಬೋರ್ಡಿಂಗಿನ ತುಪ್ಪಾ ಎಲ್ಲಿ ಮುಚ್ಚಿಟ್ಟೀಯೋಽಽಽ…”

ಬಸಯ್ಯ ಪ್ಲಾಸ್ಟರಿನ ಕಾಲು ಮರೆತು ಕುರ್ಚಿಯಿಂದ ಎದ್ದ. “ಅದಽ! ಅದಽ ಮಾತು! ಅದಽ ಧ್ವನಿ! ಇವನಽ ಅಂವಾ!” ಎಂದು ಕಿರುಚಿ, ತಾನೇನು ಒಪ್ಪಿಕೊಂಡೆನೆಂದು ತಿಳಿದು, ಧೊಪ್ಪನೆ ಕೂತ.

ಮೊದಲು ಎಲ್ಲರೂ ನಕ್ಕರು. ತುಪ್ಪದ ಸಂಶಯ ಬೋರ್ಡಿಂಗಿಗೆ ಹಳೆಯದು. ಆಮೇಲೆ ನಗೆ ಒಂದು ಕಡೆಯಿಂದ ಆರುತ್ತ ಬಂತು. ಮಾಸ್ತರರ ಮುಖ ಸುಣ್ಣದ ಗೋಡೆಯಂತಾಯಿತು.

“ನಾನಽರಿ” ಅಂದೆ. ಇಷ್ಟು ದಿನ ಬಳಸದ ಸ್ವರ ಬೇರೆಯವರದ್ದಿದ್ದಂತೆ ಕೇಳಿತು. “ಗುರುಸಿದ್ದನ ಕಂಬಳಿ ಹೊತಗೊಂಡಾಂವ ನಾನಽ. ಅಂವಾ ನಿಮಗ ಖರೇ ಹೇಳಿದ್ದ. ನೀವು ಕೇಳ್ತೀರಿ ಅಂತಽ ನಾ ಮೌನ ಹಿಡದೆ. ಬ್ಯಾರೆ ಏನೂ ಇಲ್ಲ.”

ಬಸಯ್ಯ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ನನಗ ನೀರ ಕುಡಿಸಿದಾಂವಾ ನೀನಽ ಅಲ್ಲೇನೋ” ಅಂದ, ಮೆತ್ತಗೆ. ಅಷ್ಟೇ ಅಂದ.

ಅಜ್ಜಾರು, “ನಾಳೆ ಮೊದಲ ಗಾಡಿಗೆ ಹೋಗ್ರಿ” ಎಂದು ಮಾಸ್ತರರಿಗೆ ಹೇಳಿ ಎದ್ದರು. ನನ್ನ ಕಡೆ ನೋಡಲಿಲ್ಲ.

೧೪ ಆಗಸ್ಟ್, ಮಂಗಳವಾರ

ನಿನ್ನೆ ನಾವು ಖಾನಾಪುರ ಮುಟ್ಟುವಷ್ಟರಲ್ಲಿ ಮಂದೆ ಹೊರಟುಬಿಟ್ಟಿತ್ತು. ಮಾಸ್ತರರು ಧೋತರ ಎತ್ತಿಕಟ್ಟಿ ಕೆಸರಿನ ದಾರಿಯಲ್ಲಿ ಓಡಿದರು. ಹಿಂದೆ ನಾನು, ಹೆಗಲ ಮೇಲೆ ಕಂಬಳಿ. ನಾಯಿಗಳು ನಮ್ಮಿಬ್ಬರನ್ನೂ ಕುರಿಗಳ್ಳರೆಂದು ತಿಳಿದವು. ನನ್ನ ಮಟ್ಟಿಗೆ ಅವುಗಳ ಅಂದಾಜು ತಪ್ಪಿರಲಿಲ್ಲ.

ಸಿದರಾಯ ಎತ್ತರದ ಮನುಷ್ಯ. ಎಲ್ಲ ಕೇಳಿದ. “ಸಾಲಿ ಕಲ್ತವರು ತಪ್ಪು ಹೊರಸ್ತೀರಿ, ಮತ್ತ ಬಂದು ಇಳಸ್ತೀರಿ. ನಮ್ಮ ಹುಡುಗ ಏನ ಹೇರೂ ಎತ್ತೇನ್ರಿ?” ಅಂದ. ಮಾಸ್ತರರು ಎಲ್ಲರ ಎದುರು ಗುರುಸಿದ್ದನಿಗೆ ಕೈ ಮುಗಿದರು. “ನಿನ್ನ ಹೊಡದದ್ದು ತಪ್ಪಾತಪ್ಪಾ” ಅಂದರು. ಅದು ನೋಡಲು ಬಹಳ ಕಷ್ಟವಿತ್ತು.

ಅವರ ಮನೆಗೆ ತಿರುಗಿ ಬಂದು ಸಿದ್ದಕ್ಕನ ಮುಂದೆ ನಾನೇ ಹೇಳಿದೆ, ಬಾಯಿಂದ. ಮಗನ ತೋಳಿನ ಬಾಸುಂಡೆಯ ಮೇಲೆ ಕೈ ಇಟ್ಟುಕೊಂಡು ಕೇಳಿದಳು. “ಅವತ್ತ ಕಾಲ ತೊಳದೆ ನಿಂದು” ಅಂದಳು. ಒಳಗೆ ಹೋದಳು. ಈ ಸಲ ಹಾಲು ಕೊಡಲಿಲ್ಲ.

ಗುರುಸಿದ್ದ ಕಂಬಳಿ ತೆಗೆದುಕೊಂಡು ಮೂಸಿ ನೋಡಿದ. ಜಾಡಿಸಿದ. ಹೊದ್ದ. ಬೋರ್ಡಿಂಗಿಗೆ ತಿರುಗಿ ಬರುವ ದಾರಿ ಪೂರ್ತಿ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಅವನಿಗೆ ಯಾವ ಅಜ್ಜಾರೂ ನೇಮ ಕೊಟ್ಟಿರಲಿಲ್ಲ.

೨೨ ಆಗಸ್ಟ್, ಬುಧವಾರ

ಬಸಯ್ಯನ ಕಾಲು ಕೂಡುವ ತನಕ ಅಡುಗೆಮನೆ ನನ್ನದು. ಯಾರೂ ಹೇಳಲಿಲ್ಲ; ಎದ್ದು ಹೋಗಿ ಒಲೆ ಹೊತ್ತಿಸಿದೆ. ಅವನು ಕಂಬಕ್ಕೆ ಒರಗಿ ಕೂತು ಅಪ್ಪಣೆ ಕೊಡುತ್ತಾನೆ. “ರೊಟ್ಟಿ ಅಂದ್ರ ಗುಂಡಗ ಇರ್ತಾವೋ, ಇವೇನ ಖಾನಾಪುರ ತಾಲೂಕಿನ ನಕಾಶೆ ಮಾಡೀ?” ಎನ್ನುತ್ತಾನೆ. ತುಪ್ಪದ ಗಡಿಗೆ ಈಗ ಎಲ್ಲರಿಗೂ ಕಾಣುವಲ್ಲಿ ಇದೆ. ಹುಡುಗರು ಈಗಲೂ ಒಲೆಯ ಬಳಿ ಬಂದು ಏನೇನೋ ಹೇಳುತ್ತಾರೆ. ನನಗೆ ಉತ್ತರ ಕೊಡಲು ಈಗ ಅಡ್ಡಿಯಿಲ್ಲ; ಕೊಡಲು ಮರೆತುಹೋಗುತ್ತದೆ.

ಮಧ್ಯಾಹ್ನ ಬಡಿಸುವಾಗ ಗುರುಸಿದ್ದ ತಾಟಿನಿಂದ ತಲೆ ಎತ್ತಿದ.

“ಸಾರಿಗೆ ಉಪ್ಪಿಲ್ಲ” ಅಂದ.

ಓಡಿಹೋಗಿ ಉಪ್ಪು ತಂದೆ. ಹಿಡಿ ತುಂಬ ತಂದೆ.

ಇಂದು ಶ್ರಾವಣದ ಕಡೆಯ ದಿನ. ಸಂಜೆ ಎಲ್ಲರೂ ತಮ್ಮ ತಮ್ಮ ನೇಮವನ್ನು ಅಜ್ಜಾರಿಗೆ ಒಪ್ಪಿಸಬೇಕು. ಹಣಮಪ್ಪ ಕದ್ದ ಚಹಾದ ಸಂಗತಿ ತಾನೇ ಹೇಳಿದ. ಮೈಲಾರಲಿಂಗನ ನೇಮ ಪೂರ್ಣವಾಗಿತ್ತು. ಅಜ್ಜಾರು ಅವನ ಬಾಯಿಗೆ ಬೆಲ್ಲದ ಹೆಂಟೆ ಇಟ್ಟರು. ನನ್ನ ಸರದಿ ಬಂದಾಗ, ನನ್ನದು ಮುರಿದಿದೆ ಎಂದು ಹೇಳಿ ಹಿಂದೆ ಸರಿಯಬೇಕೆಂದಿದ್ದೆ. ಅಜ್ಜಾರು ಬಿಡಲಿಲ್ಲ. ತಲೆಯ ಮೇಲೆ ಕೈ ಇಟ್ಟರು.

“ಹೆದರಿ ಹಿಡದ ಮೌನ, ಖರೇ. ಆದ್ರ ಒಮ್ಮೆ ಹಿಡದ ಮ್ಯಾಲೆ ಹೊಡತಾ ತಿಂದ್ರೂ ಬಿಡಲಿಲ್ಲ ಈ ಹುಡುಗ. ಖಾನಾಪುರದಾಗ ಏನಾತು ಗುರುಸಿದ್ದ ಹೇಳ್ಯಾನ. ಮುರದದ್ದು ಒಮ್ಮೆನಽ, ಅದೂ ಇನ್ನೊಬ್ಬನ ಬಾಳೇದ ಸಲುವಾಗಿ. ಇದಕ್ಕ ಮುರದ ನೇಮಾ ಅನ್ನಬಾರದು, ಮುಗದ ನೇಮಾ ಅನ್ನಬೇಕು.”

ಎಲ್ಲರೂ ನನ್ನನ್ನು ನೋಡುತ್ತಿದ್ದರು. ಗುರುಸಿದ್ದನೂ. ಸಿದ್ದಕ್ಕನ ಮುಂದೆ, ಬಸಯ್ಯನ ಮುಂದೆ ಬಾಯಿ ಬಿಟ್ಟವನಿಗೆ ಇಲ್ಲಿ ಬಿಡಲಾಗಲಿಲ್ಲ. ತಲೆ ತಗ್ಗಿಸಿ ಆಶೀರ್ವಾದ ತೆಗೆದುಕೊಂಡೆ.

ಸಂಗತಿ ಏನೆಂದರೆ, ಆ ರವಿವಾರ ಖಾನಾಪುರದ ನಿಲ್ದಾಣದಲ್ಲಿ ಗಾಡಿ ತಡವಾಗಿತ್ತು. ಸ್ಲೇಟು ಒಡೆದಿತ್ತು. ಸಿದ್ದಕ್ಕನ ಅಳು ಇನ್ನೂ ಕಿವಿಯಲ್ಲಿತ್ತು, ಆದರೂ ಹಸಿವೆ ಹಸಿವೆಯೇ. ಬಟಾಟೆ ವಡೆ ಕರಿಯುತ್ತಿದ್ದ ಮುದುಕಿಗೆ, “ಮಾವಶಿ, ದೋನ್ ವಡೆ ದ್ಯಾ” ಎಂದು ಬಾಯಿ ಬಿಟ್ಟು ಎರಡು ವಡೆ ಕೇಳಿದೆ. ನೇಮ ಹಿಡಿದದ್ದು ಕನ್ನಡದಲ್ಲಿ, ಮರಾಠಿಗೆ ಅದು ಲಾಗೂ ಆಗುವುದಿಲ್ಲ ಎಂದು ಆಗಲೇ ಮನಸ್ಸಿನಲ್ಲಿ ತೀರ್ಪು ಬರೆದುಕೊಂಡಿದ್ದೆ.

ಚಟ್ನಿ ಜಾಸ್ತಿ ಹಾಕಬೇ ಅಂದದ್ದು ಮಾತ್ರ ಕನ್ನಡದಲ್ಲಿ.